ಸೂಟ್‌ಕೇಸಿಗೆ ಚಕ್ಕುಲಿ ಡಬ್ಬಿ ಇಡುವ ಮುಂಚೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಡಬ್ಬಿಯೇ ಹೆಚ್ಚಿರುತ್ತದೆ. ಇರಲಿ ಬಿಡಿ, ತಪ್ಪೇನಿಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ಇವೆಲ್ಲ ಅಲ್ಲಿಗೆ ಸಾಮಾನ್ಯವಾಗಿ ಸಲೀಸಾಗಿ ಹೋಗುತ್ತವೆ. ಕಸ್ಟಮ್ಸ್‌ನವರಿಗೆ ನಿಮ್ಮ ಕೋಡುಬಳೆಯ ಮೇಲೆ ಕಣ್ಣಿಲ್ಲ. ಅವರು ಹುಡುಕುವುದು ಹುಳ, ಬೀಜ, ಹಸಿ ಎಲೆ, ಮಾಂಸ, ಹಾಲಿನ ಪದಾರ್ಥ.

ಅಕ್ಕಿ ಒಂದು ಪಾವೂ ಬೇಡ. ಖಪ್ರಾ ಎಂಬ ಹುಳದ ಕಾಟವಿರುವ ದೇಶಗಳ ಪಟ್ಟಿಯಲ್ಲಿ ನಮ್ಮದೂ ಇದೆ, 2011ರಿಂದ ಪ್ರಯಾಣಿಕರ ಸಾಮಾನಿನಲ್ಲಿ ಬರುವ ಅಕ್ಕಿಯನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಅಕ್ಕಿ ಹಿಟ್ಟು ಕರಿದು ಚಕ್ಕುಲಿಯಾದ ಮೇಲೆ ಆ ಮಾತಿಲ್ಲ. ಹಸಿ ಕರಿಬೇವಂತೂ ಬೇಡವೇ ಬೇಡ. ಕರಿಬೇವು ನಿಂಬೆ, ಕಿತ್ತಳೆಗಳ ಕುಲದ ಗಿಡ. ಅದರ ಚಿಗುರಿನಲ್ಲಿ ಕೂರುವ ಸಣ್ಣ ಕೀಟವೊಂದು ಕಿತ್ತಳೆ ಮರಗಳಿಗೆ ರೋಗ ಹರಡುತ್ತದೆ. ಫ್ಲಾರಿಡಾದ ತೋಟಗಳಲ್ಲಿ ಆ ರೋಗ 2005ರಲ್ಲಿ ಕಾಣಿಸಿಕೊಂಡು ಬೆಳೆಯನ್ನೇ ನೆಲಕ್ಕಿಳಿಸಿತು. ನಿಪ್ಪಟ್ಟಿಗೂ ಅವಲಕ್ಕಿ ಚೂಡಾಕ್ಕೂ ಹಾಕುವ ಕರಿಬೇವನ್ನು ಆ ಒಂದು ಸಲ ಬಿಟ್ಟುಬಿಡಿ, ಅಧಿಕಾರಿ ಎಲೆ ಎತ್ತಿ ಹಿಡಿದು ಇದೇನೆಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ದಂಡ ಬೀಳುವುದು ತಿಂಡಿ ತಂದಿದ್ದಕ್ಕಲ್ಲ, ತಂದಿಲ್ಲ ಎಂದಿದ್ದಕ್ಕೆ. ‘ಎನಿ ಫುಡ್?’ ಎಂದು ಕೇಳಿದಾಗ, ಅನ್ನ ಸಾರಿನ ಬುತ್ತಿ ಇದೆಯೇ ಎಂದು ಕೇಳುತ್ತಿದ್ದಾರೆಂದುಕೊಂಡು ‘ನೋ’ ಅನ್ನುವವರಿದ್ದಾರೆ. ಅಧಿಕಾರಿಗಳ ಲೆಕ್ಕದಲ್ಲಿ ಒಂದು ಚಮಚ ಮೆಂತ್ಯವೂ ಫುಡ್ಡೇ. ‘ಯೆಸ್. ಫ್ರೈಡ್ ಸ್ನ್ಯಾಕ್ಸ್, ಪಿಕಲ್, ಸ್ಪೈಸ್ ಪೌಡರ್’ ಎಂದು ಹೇಳಿ ಸುಮ್ಮನಿರಿ. ಹೇಳಿದ ಮೇಲೂ ಏನಾದರೂ ಕೂಡದು ಅಂದರೆ ಅದೊಂದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ದಂಡ 10,000 ಡಾಲರ್‌ವರೆಗೂ ಹೋಗಬಹುದು. ನ್ಯೂಜಿಲೆಂಡಿನಲ್ಲಂತೂ ಹೇಳದೆ ತಂದದ್ದು ಸಿಕ್ಕರೆ ನಿಂತಲ್ಲೇ ಅಲ್ಲಿನ 400 ಡಾಲರ್ ದಂಡ.

ಎಲ್ಲ ದೇಶಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಆಸ್ಟ್ರೇಲಿಯಾಕ್ಕೆ ಪೇಡ, ಬರ್ಫಿಯಂಥ ಹಾಲಿನ ಸಿಹಿ ಬಿಡುವುದಿಲ್ಲ. ಧಾರವಾಡ ಪೇಡವನ್ನು ಇಂಗ್ಲೆಂಡ್, ಯುರೋಪಿಗೂ ಕಟ್ಟಬೇಡಿ. ದುಬೈ, ಸಿಂಗಪುರಕ್ಕೆ ಹೊರಟರೆ ಎಚ್ಚರವಿರಬೇಕಾದದ್ದು ಗಸಗಸೆಯ ಬಗ್ಗೆ. ಅಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ, ಜೈಲಿನವರೆಗೂ ಎಳೆಯುತ್ತದೆ. ಪೊಟ್ಟಣ ತೆಗೆದಿಟ್ಟರೆ ಸಾಲದು. ಕಜ್ಜಾಯದ ಮೇಲೆ ಉದುರಿಸಿದ್ದು, ಅಂಟಿನುಂಡೆಯೊಳಗೆ ಸೇರಿಸಿದ್ದು, ಮಸಾಲೆಪುಡಿಗೆ ಹುರಿದು ಹಾಕಿದ್ದು, ಎಲ್ಲವನ್ನೂ ನೆನಪು ಮಾಡಿಕೊಳ್ಳಿ. ದುಬೈಯಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರೂ ಬಿಡುವುದೇ ಒಳ್ಳೆಯದು.

ಇನ್ನು ಕೊಬ್ಬರಿ. ಇಡೀ ಗಿಟುಕನ್ನು ವಿಮಾನದವರೇ ಹತ್ತಿಸುವುದಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಅಪಾಯದ ಸರಕೆಂದು ಎಣಿಸುತ್ತಾರೆ. ಚಟ್ನಿಪುಡಿಗೆ ಹುರಿದು ಹಾಕಿದ ಕೊಬ್ಬರಿಯ ಮಾತು ಬೇರೆ. ಪುಡಿಗಳನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ. 350 ಮಿಲಿ ಲೀಟರ್ ಡಬ್ಬಿಗಿಂತ ಹೆಚ್ಚಿದ್ದರೆ ಅಮೆರಿಕದ ವಿಮಾನ ಹತ್ತುವಾಗ ತಡೆದು ನೋಡುತ್ತಾರೆ. ಬಾಣಂತಿ ಖಾರದಂಥ ಹೆಸರಿಲ್ಲದ ಕಂದು ಪುಡಿಯ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆ. ಒಣಶುಂಠಿ, ಮೆಣಸು, ಬೆಲ್ಲ, ಏನೇನು ಬಿದ್ದಿದೆಯೋ ಅಷ್ಟನ್ನೂ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

ಪ್ರಯಾಣದ ಚಕ್ಕುಲಿಗೆ ಬೆಣ್ಣೆ ಕಡಿಮೆ ಮಾಡಿ. ನಾಲ್ಕು ಬಟ್ಟಲು ಅಕ್ಕಿ ಹಿಟ್ಟು, ಒಂದು ಬಟ್ಟಲು ಹುರಿದ ಉದ್ದಿನ ಹಿಟ್ಟಿಗೆ ಎರಡು ದೊಡ್ಡ ಚಮಚ ಸಾಕು. ಜಾಸ್ತಿಯಾದರೆ ಬಾಯಲ್ಲಿ ಕರಗುತ್ತದೆ ನಿಜ, ಆದರೆ ಊರು ಮುಟ್ಟುವಷ್ಟರಲ್ಲಿ ಪುಡಿ ಪುಡಿ. ಕೋಡುಬಳೆಗೆ ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಕಮಟು ಹಿಡಿಯುತ್ತದೆ, ಬೇಡ. ಕರಿದದ್ದನ್ನು ಪೇಪರಿನ ಮೇಲೆ ಹರಡಿ ಮೂರು ಗಂಟೆಯಾದರೂ ಆರಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವತು ಮೆತ್ತಗಾಗುತ್ತದೆ. ಜಿಪ್ ಕವರಿನ ಗಾಳಿಯನ್ನು ಒತ್ತಿ ತೆಗೆಯಿರಿ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗಿ ಕವರು ಉಬ್ಬುತ್ತದೆ, ಗಾಳಿ ತುಂಬಿದ್ದರೆ ಅಂಚು ಬಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ ಸೀಸೆ ಕಂಠದವರೆಗೆ ಬೇಡ, ಮುಕ್ಕಾಲು ತುಂಬಿಸಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮುಚ್ಚಳ ತಿರುಗಿಸಿ, ಸುತ್ತ ಟೇಪು ಸುತ್ತಿ, ಎರಡು ಕವರಿಗೆ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿ. ಸ್ಟೀಲ್ ಡಬ್ಬಿಯ ತೂಕವೇ ಪೆಟ್ಟಿಗೆಯ 23 ಕಿಲೋ ಮಿತಿಯಲ್ಲಿ ಪಾಲು ತಿನ್ನುತ್ತದೆ, ಗಟ್ಟಿ ಪ್ಲಾಸ್ಟಿಕ್ಕೇ ಲೇಸು. ತಿಂಡಿಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ, ಮೇಲ್ಗಡೆಗೆ ಇಡಿ. ತೆರೆಯಿರಿ ಅಂದಾಗ ಸೀರೆ ಮಡಿಕೆಗಳನ್ನೆಲ್ಲ ಹೊರಗೆ ಹಾಕಬೇಕಾಗುವುದಿಲ್ಲ.