ಮಾತಾಡುವ ಫೋನು, ತಳ್ಳುವ ಫೋನು: ಎರಡನ್ನೂ ಬೇರೆ ಮಾಡುವುದು ಹೇಗೆ?

ಡೊಂಬಿವಲಿಯಲ್ಲಿ ಇಳಿಯಬೇಕಾದವಳು ಕಲ್ಯಾಣದಲ್ಲಿ ಇಳಿದೆ. ಕಳೆದ ಮಳೆಗಾಲದ ಮಾತಿದು. ಸಿಎಸ್‌ಎಂಟಿಯಿಂದ ಫಾಸ್ಟ್ ಲೋಕಲ್ ಹಿಡಿದಿದ್ದೆ. ಠಾಣೆಯಲ್ಲಿ ಸೀಟು ಸಿಕ್ಕಿತು, ಫೋನ್ ತೆಗೆದೆ. ಜೊತೆಗೆ ಓದಿದವಳ ಗೃಹಪ್ರವೇಶದ ಫೋಟೊ, ಯಾರದೋ ಜಗಳ, ಒಂದು ಅಪಘಾತದ ವಿಡಿಯೊ, ಅದರ ಬೆನ್ನಿಗೇ ಬಂಗಡೆ ಪುಳಿಮುಂಚಿಯ ಅಡುಗೆ. ತಲೆ ಎತ್ತಿದರೆ ಕಲ್ಯಾಣ. ವಾಪಸ್ ಗಾಡಿಗೆ ಕಾಯುತ್ತಾ ನಿಂತಾಗ ಎದೆಯೊಳಗೆ ಏನೋ ಭಾರ. ಇಷ್ಟು ಹೊತ್ತು ಏನು ನೋಡಿದೆ ಅಂತ ಕೇಳಿಕೊಂಡರೆ ಅರ್ಧಕ್ಕರ್ಧ ನೆನಪಿಲ್ಲ.

ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ಕುಂದಾಪುರದಿಂದ ಅಮ್ಮನ ಕಾಲ್ ಬಂತು. "ಉಂಡ್ಯಾ? ಇಲ್ಲ್ ಮಳಿ ಬಿಡುದೇ ಇಲ್ಲ ಕಾಣ್." ಹತ್ತು ನಿಮಿಷ ಮಾತಾಡಿದೆವು. ಭಾರ ಇಳಿಯಿತು. ಅದೇ ಫೋನು, ಅದೇ ಕೈ.

ಮುಂಬೈಯಲ್ಲಿರುವ ನಮಗೆ "ಫೋನ್ ದೂರ ಇಡಿ" ಎಂಬ ಸಲಹೆ ಸುಮ್ನೆ ಒಪ್ಪಿಗೆಯಾಗುವುದಿಲ್ಲ. ಊರಿನ ಯಕ್ಷಗಾನದ ಆಟ, ಭೂತಕೋಲ, ಮದುವೆ, ಸಾವಿನ ಸುದ್ದಿ, ಎಲ್ಲ ಬರುವುದು ಅದರಲ್ಲೇ. ಹಾಗಾಗಿ ನಾನು ಹೇಳುವುದಿಷ್ಟೆ: ಮಾತಾಡುವುದಕ್ಕೆ ಫೋನ್ ಬೇಕಾದಷ್ಟು ಬಳಸಿ. ಬೆರಳಲ್ಲಿ ತಳ್ಳುತ್ತಾ ಕೂರುವುದನ್ನು ಬೇರೆ ಮಾಡಿ, ಅದಕ್ಕೊಂದು ಬೇಲಿ ಹಾಕಿ.

ಮೊದಲು: ಒಂದು ವಾರ ಬರೆದಿಡಿ

ಯಾವುದನ್ನೂ ಈಗಲೇ ಬಿಡಬೇಡಿ. ಒಂದು ಸಣ್ಣ ವಹಿ ತೆಗೆದುಕೊಳ್ಳಿ. ಎಷ್ಟು ಹೊತ್ತಿಗೆ ಫೋನ್ ಹಿಡಿದಿರಿ, ಏನು ನೋಡಿದಿರಿ, ಕೆಳಗಿಟ್ಟಾಗ ಮನಸ್ಸು ಹೇಗಿತ್ತು ಅಂತ ಬರೆಯಿರಿ. ಒಂದೇ ಪದ ಸಾಕು: ಹಗುರ, ಸಿಟ್ಟು, ಸುಸ್ತು, ಹೊಟ್ಟೆಕಿಚ್ಚು. ಎಷ್ಟು ಗಂಟೆ ಕಳೆದಿರಿ ಎಂಬ ಲೆಕ್ಕ ಫೋನೇ ಇಟ್ಟಿರುತ್ತದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ "ಡಿಜಿಟಲ್ ವೆಲ್‌ಬೀಯಿಂಗ್", ಐಫೋನ್‌ನಲ್ಲಿ "ಸ್ಕ್ರೀನ್ ಟೈಮ್" ನೋಡಿ.

ಬರೆದಿಟ್ಟರೆ ಏನಾಗುತ್ತದೆ ಅನ್ನಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 143 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ಹತ್ತತ್ತೇ ನಿಮಿಷ ನೋಡಿದರು. ಮೂರು ವಾರದಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಯಾವ ಮಿತಿಯೂ ಇಲ್ಲದ ಗುಂಪಿನಲ್ಲೂ ಆತಂಕ ಇಳಿದಿತ್ತು. ಅವರು ಮಾಡಿದ್ದು ತಮ್ಮ ಬಳಕೆಯ ಮೇಲೆ ಕಣ್ಣಿಟ್ಟದ್ದು, ಅಷ್ಟೆ.

ಆಮೇಲೆ: ಗಾಳ ಎಲ್ಲಿದೆ ನೋಡಿ

ಗಾಳ ಹಾಕಿ ಕೂತವನಿಗೆ ಮೀನು ಯಾವಾಗ ಬೀಳುತ್ತದೆ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಏಳುವುದಿಲ್ಲ. ರೀಲ್ಸ್ ಕೂಡ ಹಾಗೆಯೇ. ಹತ್ತರಲ್ಲಿ ಒಂದು ಚೆನ್ನಾಗಿರುತ್ತದೆ, ಅದು ಎಷ್ಟನೆಯದು ಅಂತ ಮೊದಲೇ ತಿಳಿಯದು. ಹಿಂದೆ ವೆಬ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಮುಗಿಯದೆ ಉರುಳುವ ಪುಟವನ್ನು ರೂಪಿಸಿದ. ಮುಂದೆ ಅದಕ್ಕಾಗಿ ಅವನೇ ಪಶ್ಚಾತ್ತಾಪ ಪಟ್ಟ. ಕೊನೆಯಿಲ್ಲದ್ದಕ್ಕೆ ಕೊನೆಯನ್ನು ನಾವೇ ಹಾಕಬೇಕು.

ನೋಟಿಫಿಕೇಶನ್‌ಗಳಲ್ಲಿ ಕಾಲ್ ಮತ್ತು ಮನುಷ್ಯರು ನಿಮಗೇ ಅಂತ ಕಳಿಸಿದ ಮೆಸೇಜ್ ಬಿಟ್ಟು ಉಳಿದೆಲ್ಲ ಬಂದ್ ಮಾಡಿ. ವಾಟ್ಸ್‌ಆ್ಯಪ್‌ನ ಕುಟುಂಬದ ಗುಂಪು, ಸೊಸೈಟಿಯ ಗುಂಪು, ಊರಿನ ಗುಂಪು, ಯಾವುದರಿಂದಲೂ ಹೊರಬರಬೇಕಿಲ್ಲ. ಮ್ಯೂಟ್ ಒತ್ತಿ "ಯಾವಾಗಲೂ" ಅಂತ ಆರಿಸಿ. ದಿನಕ್ಕೆರಡು ಸಲ ನೀವಾಗಿ ಹೋಗಿ ನೋಡಿ. ಯಾರಿಗೂ ಬೇಜಾರಾಗುವುದಿಲ್ಲ, ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ರೀಲ್ಸ್ ಇರುವ ಆ್ಯಪ್‌ಗೆ ಅರ್ಧ ಗಂಟೆಯ ಟೈಮರ್ ಹಾಕಿ. ವಹಿಯಲ್ಲಿ "ಹೊಟ್ಟೆಕಿಚ್ಚು" ಅಂತ ಯಾರ ಹೆಸರಿನ ಮುಂದೆ ಮತ್ತೆ ಮತ್ತೆ ಬಂದಿದೆಯೋ ಅವರ ಪೋಸ್ಟನ್ನೂ ಮ್ಯೂಟ್ ಮಾಡಿ. ಬದಲಿಗೆ ಅವರಿಗೊಂದು ಫೋನ್ ಮಾಡಿ. ನಾನು ಆ ಗೃಹಪ್ರವೇಶದವಳಿಗೆ ಮಾಡಿದೆ. ಸಾಲದ ಕಂತಿನ ಚಿಂತೆಯಲ್ಲಿ ಅವಳಿಗೂ ರಾತ್ರಿ ನಿದ್ದೆ ಇರಲಿಲ್ಲ. ಫೋಟೊದಲ್ಲಿ ಕಂತು ಕಾಣುವುದಿಲ್ಲವಲ್ಲ.

ಮಕ್ಕಳಿದ್ದರೆ: ಕಿತ್ತುಕೊಳ್ಳುವ ಮೊದಲು

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಘಾಟ್ಕೋಪರ್‌ನಲ್ಲಿ ನನ್ನ ಅಕ್ಕನ ಮನೆ ವನ್ ರೂಮ್ ಕಿಚನ್. ಐದು ಜನ. ಹದಿನೈದರ ಮಗ ರಾತ್ರಿ ಒಂದರ ತನಕ ಫೋನ್ ಹಿಡಿದು ಮಲಗಿರುತ್ತಿದ್ದ. ಭಾವ ಎರಡು ಸಲ ಕಿತ್ತುಕೊಂಡರು. ಹುಡುಗ ಊಟ ಬಿಟ್ಟ. ಒಂದು ದಿನ ಅವನನ್ನು ಹೊರಗೆ ವಡಾಪಾವ್ ತಿನ್ನಲು ಕರೆದುಕೊಂಡು ಹೋಗಿ ಕೇಳಿದೆ. ಪಾವ್ ಕೈಯಲ್ಲೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಚಿಕ್ಕಮ್ಮ, ಕಿವಿಗೆ ಇಯರ್‌ಫೋನ್ ಹಾಕಿದ್ರೆ ಮಾತ್ರ ನಂಗೊಂದು ರೂಮ್ ಇದ್ದ ಹಾಗೆ ಆಗ್ತದೆ."

ಆ ಹುಡುಗನ ಕೈಯಿಂದ ಫೋನ್ ಕಿತ್ತುಕೊಂಡರೆ ಕೋಣೆಯಿಂದಲೇ ಹೊರಗೆ ಹಾಕಿದ ಹಾಗೆ, ಅಲ್ವಾ? ಹಾಗಂತ ರಾತ್ರಿ ಒಂದರ ತನಕ ಬಿಡುವುದೂ ಸರಿಯಲ್ಲ. ಆ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿರುವ ಹರೆಯದವರಿಗೆ ಖಿನ್ನತೆ, ಆತಂಕದ ಅಪಾಯ ಎರಡು ಪಟ್ಟು ಎಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, 2023ರಲ್ಲಿ ಎಚ್ಚರಿಸಿದ್ದಾರೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅಕ್ಕನ ಮನೆಯಲ್ಲಿ ಕೊನೆಗೆ ಹೀಗೆ ಮಾಡಿದರು. ಸಂಜೆ ಏಳರಿಂದ ಎಂಟು ಹುಡುಗನ ಹೊತ್ತು. ಆಗ ಟಿವಿ ಬಂದ್, ಯಾರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ, ಏನು ನೋಡ್ತಿದ್ದೀಯ ಅಂತ ಬಗ್ಗಿ ನೋಡುವುದಿಲ್ಲ. ಹತ್ತೂವರೆಗೆ ಐವರ ಫೋನೂ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಚಾರ್ಜಿಗೆ. ಭಾವನದ್ದು ಮೊದಲು. ಎಬ್ಬಿಸುವುದಕ್ಕೆ ಒಂದು ಅಲಾರಾಂ ಗಡಿಯಾರ ತಂದರು. ಮೊದಲ ವಾರ ಜಗಳ ಇತ್ತು. ದೊಡ್ಡವರದ್ದೂ ಅಲ್ಲೇ ಇದೆ ಅಂತ ಖಾತ್ರಿಯಾದ ಮೇಲೆ ನಿಂತಿತು.

ಇದನ್ನೇ ಇಡೀ ಊರಿಗೆ ಊರೇ ಮಾಡಿದ್ದೂ ಉಂಟು. ಇದೇ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ವಡಗಾಂವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಊದುವ ಪದ್ಧತಿ ಶುರುವಾಯಿತು. ಒಂದೂವರೆ ಗಂಟೆ ಎಲ್ಲರ ಮನೆಯಲ್ಲೂ ಟಿವಿ, ಮೊಬೈಲ್ ಬಂದ್. ನಿಮ್ಮ ಮನೆಗೆ ಸೈರನ್ ಬೇಡ, ಕುಕ್ಕರಿನ ಸೀಟಿ ಸಾಕು.

ಇಷ್ಟಕ್ಕೂ ಬಗ್ಗದಿದ್ದರೆ: ಡಾಕ್ಟರ್ ಹತ್ತಿರ ಹೋಗಿ

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಶಾಲೆಗೆ ಕೆಲಸಕ್ಕೆ ಹೋಗಲು ಮನಸ್ಸಿಲ್ಲ, ಫೋನ್ ಇಲ್ಲದಿದ್ದರೆ ಕೈ ಎತ್ತುವಷ್ಟು ಸಿಟ್ಟು ಬರುತ್ತದೆ ಅಂದರೆ ಮನೆಮದ್ದಿಗೆ ಕಾಯಬೇಡಿ. ಬದುಕು ಬೇಡ ಎಂಬ ಮಾತು ಬಾಯಲ್ಲಿ ಬಂದರೆ ಆ ದಿನವೇ ಸಹಾಯ ಪಡೆಯಿರಿ, ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ. ಮುಂಬೈಯ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮಾನಸಿಕ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಮಾಡಿಸಿ. ಊರಿಗೆ ಹೋದಾಗ ತೋರಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ "ಷಟ್" ಎಂಬ ಕ್ಲಿನಿಕ್ ಇದೆ. ಫೋನ್, ಗೇಮ್, ಇಂಟರ್‌ನೆಟ್ ಬಿಡಲಾಗದವರಿಗೆಂದೇ ಇರುವುದು.

ಹೋಗುವಾಗ ಆ ವಹಿ ಚೀಲದಲ್ಲಿರಲಿ. ಎಷ್ಟು ಹೊತ್ತಿಗೆ ಮಲಗುತ್ತೀರಿ, ಏನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಡಾಕ್ಟರ್ ಕೇಳುತ್ತಾರೆ. ಬಾಯಿ ಕಟ್ಟಿದರೆ ಅದನ್ನೇ ತೆಗೆದು ಅವರ ಮೇಜಿನ ಮೇಲಿಡಿ.