ಪಿಕಪ್‌ನ ಮುಂಭಾಗವನ್ನು ಮನೆಯಲ್ಲೇ ಎತ್ತರಿಸಿದ್ದು

ಪಿಕಪ್ ಟ್ರಕ್ ಖಾಲಿ ನಿಂತಾಗ ಮೂತಿ ತಗ್ಗಿಸಿದ ಹಾಗೆ ಕಾಣುತ್ತದೆ ಅಲ್ವಾ? ಅದು ದೋಷವಲ್ಲ. ಹಿಂದೆ ಲೋಡ್ ಬಿದ್ದಾಗ ಗಾಡಿ ಸಮಕ್ಕೆ ಬರಲಿ ಅಂತಲೇ ಹಿಂಭಾಗವನ್ನು ಎತ್ತರಕ್ಕೆ ಇಟ್ಟಿರುತ್ತಾರೆ. ನಾನು ಭಾರ ಹೊರಿಸುವುದು ಅಪರೂಪ, ಹಾಗಾಗಿ ಮುಂಭಾಗವನ್ನು ಎತ್ತರಿಸುವ ಲೆವೆಲಿಂಗ್ ಕಿಟ್ ಹಾಕಿದೆ. ಆದರೂ ಪೂರ್ತಿ ಸಮ ಮಾಡಲಿಲ್ಲ. 1.5 ಇಂಚು ಎತ್ತುವ ಕಿಟ್ ಸಾಕು ಅಂದುಕೊಂಡೆ. ಪೂರ್ತಿ ಸಮ ಮಾಡಿದ ಗಾಡಿಗೆ ಲೋಡ್ ಹಾಕಿದರೆ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ.

ನನ್ನ ಗಾಡಿಯ ಮುಂದಿನ ಚಕ್ರಗಳಿಗೆ ಇರುವುದು ಕಾಯಿಲ್ ಸ್ಪ್ರಿಂಗ್ ಇರುವ ಸ್ಟ್ರಟ್, ಅಂದರೆ ಕುಲುಕಾಟ ತಡೆಯುವ ಕಂಬ. ಅದರ ತಲೆಯ ಮೇಲೆ ಕೂರುವ ಸ್ಪೇಸರ್ (ಎತ್ತರ ಕೊಡುವ ಗಟ್ಟಿ ಬಿಲ್ಲೆ) ತರಿಸಿದೆ. ಡಬ್ಬಿ ತೆರೆದಾಗ ಸ್ಪೇಸರ್ ಮುಕ್ಕಾಲು ಇಂಚು ದಪ್ಪವಷ್ಟೇ ಇತ್ತು. ಮೋಸವಲ್ಲ, ಲೆಕ್ಕ ಸರಿಯಾಗಿದೆ. ಸ್ಟ್ರಟ್‌ನ ಕೆಳತುದಿ, ಫ್ರೇಮ್‌ನಿಂದ ಚಕ್ರದ ಕಡೆಗೆ ಚಾಚಿದ ಕೆಳಗಿನ ಆರ್ಮ್‌ನ (ತೋಳಿನ) ನಡುಭಾಗಕ್ಕೆ ಸೇರಿರುತ್ತದೆ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ಹಾಗಾಗಿ ಸ್ಟ್ರಟ್ ಸ್ವಲ್ಪ ಇಳಿದರೆ ಚಕ್ರ ಸುಮಾರು ಅದರ ಎರಡರಷ್ಟು ಇಳಿಯುತ್ತದೆ.

ಶುರು ಮಾಡುವ ಮೊದಲು ಚಕ್ರದ ಹಬ್‌ನ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಟ್ಟೆ. ನೆಲದಿಂದ ಅಳೆದರೆ ಟೈರ್‌ನ ಗಾಳಿ ಹೆಚ್ಚುಕಡಿಮೆ ಆದರೂ ಅಳತೆ ಬದಲಾಗುತ್ತದೆ. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ.

ಗಟ್ಟಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟೆ. ಮುಂಭಾಗ ಎತ್ತಿ ಫ್ರೇಮ್‌ನ ಕೆಳಗೆ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿ, ಅಂದರೆ ಸ್ವೇ ಬಾರ್‌ನ ಲಿಂಕ್‌ಗಳನ್ನು ಎರಡೂ ಕಡೆ ಬಿಚ್ಚಿದೆ. ಬಿಚ್ಚದಿದ್ದರೆ ಬಾರ್ ಬಿಗಿದುಕೊಂಡು ಆರ್ಮ್ ಕೆಳಗೆ ಇಳಿಯಲು ಬಿಡುವುದಿಲ್ಲ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಹಿಡಿದಿರುವ ಕ್ಲಿಪ್‌ಗಳನ್ನೂ ಬಿಡಿಸಿದೆ. ಆಮೇಲೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್ ಮತ್ತು ಮೇಲಿನ ಆರ್ಮ್‌ನ ತುದಿಯ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ, ನಕಲ್‌ನ (ಚಕ್ರದ ಹಬ್ ಹೊತ್ತಿರುವ ದಪ್ಪ ಲೋಹದ ಭಾಗ) ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಬಡಿದೆ. ಟಪ್ ಅಂತ ಬಿಟ್ಟುಕೊಂಡಿತು. ಬಡಿಯಬೇಕಾದದ್ದು ನಕಲ್‌ಗೆ, ಜಾಯಿಂಟ್‌ನ ರಬ್ಬರ್‌ಗೆ ಅಥವಾ ತಿರುಪಿನ ಗೆರೆಗಳಿಗೆ ಅಲ್ಲ.

ಇಲ್ಲಿಂದ ಮುಂದೆ ಜೋಪಾನ ಬೇಕು. ಬಾಲ್ ಜಾಯಿಂಟ್ ಬಿಟ್ಟೊಡನೆ ನಕಲ್ ಹೊರಗೆ ವಾಲುತ್ತದೆ. ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳಬಾರದು. ಫೋರ್ ವೀಲ್ ಡ್ರೈವ್ ಆದರೆ ಆಕ್ಸಲ್ ಶಾಫ್ಟ್‌ನ ಒಳಜಾಯಿಂಟ್ ಕಳಚಿಕೊಳ್ಳುವ ಭಯವೂ ಇದೆ. ಅದಕ್ಕೆ ನಾನು ಗಟ್ಟಿ ಹಗ್ಗದಿಂದ ನಕಲ್ಲನ್ನು ಮೇಲಿನ ಆರ್ಮ್‌ಗೆ ಕಟ್ಟಿದೆ.

ಸ್ಟ್ರಟ್ ಕೆಳಗಿನ ಬೋಲ್ಟ್, ಮೇಲಿನ ಮೂರು ನಟ್ ತೆಗೆದರೆ ಸ್ಟ್ರಟ್ ಇಡಿಯಾಗಿ ಹೊರಬರುತ್ತದೆ. ನಡುವೆ ಇರುವ ದೊಡ್ಡ ನಟ್ಟನ್ನು ಮುಟ್ಟಲೇಬಾರದು. ಅದು ಅದುಮಿಟ್ಟ ಸ್ಪ್ರಿಂಗನ್ನು ತಡೆದಿರುವ ನಟ್. ಬಿಚ್ಚಿದರೆ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತದೆ. ಈ ನಮೂನೆಯ ಸ್ಪೇಸರ್‌ಗೆ ಸ್ಪ್ರಿಂಗನ್ನು ಇನ್ನಷ್ಟು ಅದುಮುವ ಕೆಲಸವೇ ಇಲ್ಲ, ಗಾಡಿಯ ಓಟದ ಮೆತ್ತನೆ ಹಾಗೇ ಉಳಿಯುವುದೂ ಅದರಿಂದಲೇ.

ಸ್ಪೇಸರ್ ಕೂರಿಸಿದ್ದು ಐದು ನಿಮಿಷದ ಕೆಲಸ. ಸ್ಟ್ರಟ್ ಉದ್ದವಾದ ಕಾರಣ ಕೆಳಗಿನ ಆರ್ಮನ್ನು ಸನ್ನೆ ಕೋಲಿನಿಂದ ಒತ್ತಿಯೇ ಬೋಲ್ಟ್ ತೂತು ಹೊಂದಿಸಬೇಕಾಯಿತು. ಇಬ್ಬರಿದ್ದರೆ ಸುಖ. ರಬ್ಬರ್ ಬುಷ್ ಇರುವ ಕೆಳಗಿನ ಬೋಲ್ಟನ್ನು ಸುಮ್ನೆ ಕೈಬಿಗಿ ಮಾಡಿ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಪೂರ್ತಿ ಬಿಗಿದೆ. ನೇತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಇರುತ್ತದೆ. ಉಳಿದ ನಟ್‌ಗಳನ್ನು ಗಾಡಿಯ ಸರ್ವೀಸ್ ಪುಸ್ತಕದ ಅಂಕಿಯಂತೆ ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿದು, ನಟ್ ಸಡಿಲವಾಗದಂತೆ ತಡೆಯುವ ಹಳೆಯ ಕಾಟರ್ ಪಿನ್ ಎಸೆದು ಹೊಸದು ಹಾಕಿದೆ.

ಇಳಿಸಿ ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಅಳೆದೆ. ಅಂದುಕೊಂಡಷ್ಟೇ ಎದ್ದಿತ್ತು. ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ. ಎತ್ತರ ಬದಲಾದರೆ ಚಕ್ರದ ಕೋನ ಬದಲಾಗಿಯೇ ಆಗುತ್ತದೆ, ಬಿಟ್ಟರೆ ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ರಾತ್ರಿ ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟ್ ತಗ್ಗಿಸಿದೆ, ಇಲ್ಲದಿದ್ದರೆ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಕೆಲವು ದಿನ ಓಡಿಸಿದ ಮೇಲೆ ಎಲ್ಲ ನಟ್‌ಗಳಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿದೆ.