ಸೋಯಾ ಬೇಡ ಅಂದರೆ ಕೋಳಿಗೆ ಏನು ಹಾಕೋದು?

ನಮ್ಮದು ಬೇಲೂರು ಕಡೆ ಮನೆ. ಹಿತ್ತಲಲ್ಲಿ ಹದಿನಾಲ್ಕು ಹೇಂಟೆ, ಎರಡು ಹುಂಜ. ಅರ್ಧ ನಾಟಿ, ಇನ್ನರ್ಧ ಗಿರಿರಾಜ, ಸ್ವರ್ಣಧಾರ ಅನ್ನುವ ಸುಧಾರಿತ ತಳಿ. ನಲವತ್ತು ವರ್ಷದಿಂದ ಕೋಳಿ ಸಾಕಿದವಳಿಗೆ ಮೇವಿನ ಚೀಟಿ ಓದುವ ಕಷ್ಟ ಬಂದದ್ದು ಮಾತ್ರ ಮೊಮ್ಮಗಳಿಂದ. ಅವಳಿಗೆ ಸೋಯಾ ಆಗುವುದಿಲ್ಲ, ತಿಂದರೆ ಮೈತುಂಬ ಗಂಧೆ ಏಳುತ್ತದೆ. ರಜೆಗೆ ಬಂದಾಗ ಸೊಸೆ ಕೋಳಿ ಫೀಡಿನ ಚೀಲ ತಿರುಗಿಸಿ ನೋಡಿ, "ಅತ್ತೆ, ಇದರಲ್ಲಿ ಇರೋದೇ ಸೋಯಾ ಹಿಂಡಿ, ಈ ಮೊಟ್ಟೆ ಇವಳಿಗೆ ಕೊಡಬಹುದಾ?" ಅಂದಳು. ಉತ್ತರ ಗೊತ್ತಿರಲಿಲ್ಲ. ಅಲರ್ಜಿ ಮಾಡುವ ಪದಾರ್ಥ ಬಿಟ್ಟು, ಸಾವಯವ ಮೇವನ್ನು ಮನೆಯಲ್ಲೇ ಹೊಂದಿಸುವ ಬಗ್ಗೆ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಮನೆಯಲ್ಲಿ ಯಾರಿಗಾದರೂ ಮೊಟ್ಟೆಯದೇ ಅಲರ್ಜಿ ಇದ್ದರೆ ಯಾವ ಸಾವಯವ ಮೇವೂ ಅದನ್ನು ಸರಿ ಮಾಡುವುದಿಲ್ಲ. ಆ ಅಲರ್ಜಿ ಹೆಚ್ಚಾಗಿ ಬಿಳಿ ಲೋಳೆಯಲ್ಲಿರುವ ಪ್ರೋಟೀನಿನದು. ಕೋಳಿ ರಾಗಿ ತಿಂದರೂ, ಸೋಯಾ ತಿಂದರೂ ಆ ಪ್ರೋಟೀನು ಇದ್ದೇ ಇರುತ್ತದೆ. "ನಾಟಿ ಮೊಟ್ಟೆ ಅಲ್ವಾ, ಏನೂ ಆಗಲ್ಲ" ಅಂತ ಅಂಥ ಮಗುವಿಗೆ ಕೊಡಬೇಡಿ. ಸೋಯಾ ಅಲರ್ಜಿ ಬೇರೆ. ಕೋಳಿ ತಿಂದ ಸೋಯಾದ ಕೆಲವು ಅಂಶ ಸ್ವಲ್ಪ ಮಟ್ಟಿಗೆ ಹಳದಿ ಲೋಳೆಗೆ ಇಳಿಯುವುದು ನಿಜ. ಆದರೆ ಅಷ್ಟರಿಂದ ನಿಮ್ಮ ಮಗುವಿಗೆ ತೊಂದರೆ ಆಗುತ್ತದಾ ಇಲ್ಲವಾ ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ. ಇನ್ನೊಂದು ದಾರಿಯನ್ನು ಎಲ್ಲರೂ ಮರೆಯುತ್ತಾರೆ: ಮೇವಿನ ಧೂಳು. ಕಡಲೆಕಾಯಿ ಆಗದ ಮಗು ಕಡಲೆಕಾಯಿ ಹಿಂಡಿ ಪುಡಿಗೆ ಕೈ ಹಾಕಿ ಕೋಳಿಗೆ ಎರಚಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಮೊಟ್ಟೆ ತಿನ್ನುವ ತನಕ ಕಾಯಬೇಕಾಗಿಯೇ ಇಲ್ಲ. ಅದಕ್ಕೆ ಮೊದಲು ಕೂತು ನಿಮ್ಮ ಮನೆಗೆ ಏನೇನು ಬೇಡ ಅಂತ ಬರೆದುಕೊಳ್ಳಿ. ಸೋಯಾನಾ, ಕಡಲೆಕಾಯಾ, ಎಳ್ಳಾ, ಗೋಧಿನಾ, ಮೀನಾ. ಎಲ್ಲವನ್ನೂ ಬಿಡಲು ಹೋದರೆ ಕೋಳಿ ಉಪವಾಸ ಬೀಳುತ್ತದೆ.

ಅಂಗಡಿ ಚೀಲದ ವಿಷಯ. ನಮ್ಮ ಕಡೆ ಸಿಗುವ ಲೇಯರ್ ಫೀಡು, ಅಂದರೆ ಮೊಟ್ಟೆ ಇಡುವ ಕೋಳಿಯ ಮೇವು, ಹೆಚ್ಚಿನದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯದೇ. ಅದರಲ್ಲಿ ಮೋಸವೇನೂ ಇಲ್ಲ, ಸೋಯಾ ಹಿಂಡಿಯಲ್ಲಿ ಶೇಕಡಾ 44ರಿಂದ 48 ಪ್ರೋಟೀನು ಇದೆ, ಅದಕ್ಕೆ ಹಾಕುತ್ತಾರೆ. ಒಂದು ಅಂಗಡಿಯಲ್ಲಿ ನನಗೆ ಹಸಿರು ಎಲೆ ಬರೆದ ಚೀಲ ತೋರಿಸಿ "ಇದು ಸಾವಯವದ್ದೇ ಅಮ್ಮ" ಅಂದರು. ಒಳಗೆ ಏನಿದೆ ಅಂದರೆ "ಎಲ್ಲ ಕಾಳು" ಅಂದರು. ಎಲ್ಲ ಕಾಳು ಅಂದರೆ ಯಾವ ಕಾಳು? ಸಾವಯವ ಅಂತ ಮಾರುವವರ ಹತ್ತಿರ ಇಂಡಿಯಾ ಆರ್ಗ್ಯಾನಿಕ್ ಅಥವಾ ಪಿಜಿಎಸ್ ಇಂಡಿಯಾದ (ರೈತರ ಗುಂಪೇ ಒಬ್ಬರನ್ನೊಬ್ಬರು ಪರೀಕ್ಷಿಸಿ ಕೊಡುವ) ಗುರುತು, ಜೊತೆಗೆ ಸರ್ಟಿಫಿಕೇಟ್ ನಂಬರು ಇರಬೇಕು. ಪಿಜಿಎಸ್‌ನಲ್ಲೂ ಗ್ರೀನ್ ಅಂದರೆ ಜಮೀನು ಇನ್ನೂ ಸಾವಯವಕ್ಕೆ ತಿರುಗುತ್ತಾ ಇದೆ ಅಂತ, ಆರ್ಗ್ಯಾನಿಕ್ ಅಂದರೆ ಪೂರ್ತಿ ತಿರುಗಿದೆ ಅಂತ. ಇನ್ನೊಂದು ಮಾತು, ಸಾವಯವ ಅಂದ ಮಾತ್ರಕ್ಕೆ ಸೋಯಾ ಇಲ್ಲ ಅಂತ ಅಲ್ಲ, ಸೋಯಾವನ್ನೂ ಸಾವಯವವಾಗಿ ಬೆಳೆಯುತ್ತಾರೆ. ಚೀಲದ ಮೇಲೆ ಪದಾರ್ಥದ ಪಟ್ಟಿಯೇ ಇಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ.

ನಾನು ಚೀಲ ಹುಡುಕುವುದನ್ನೇ ಬಿಟ್ಟೆ. ಹತ್ತು ಹೇಂಟೆಗೆ ದಿನಕ್ಕೆ ಒಂದು ಕಿಲೋ, ಒಂದೂಕಾಲು ಕಿಲೋ ಮೇವು ಸಾಕು, ತಿಂಗಳಿಗೆ 35 ಕಿಲೋ ಹತ್ತಿರ. ಇಷ್ಟನ್ನು ಬೆಳೆದವರ ಮನೆಯಿಂದಲೇ ಬಿಡಿಬಿಡಿಯಾಗಿ ತರಬಹುದು. ಸಣ್ಣ ರೈತರು ಎಷ್ಟೋ ಜನ ಔಷಧಿ ಹಾಕದೆ ಬೆಳೆಯುತ್ತಾರೆ, ಸರ್ಟಿಫಿಕೇಟ್ ಮಾಡಿಸಿರುವುದಿಲ್ಲ ಅಷ್ಟೆ. ಗದ್ದೆ ಬದುವಿನಲ್ಲಿ ನಿಂತು ಏನು ಹೊಡೆದಿರಿ, ಯಾವಾಗ ಹೊಡೆದಿರಿ ಅಂತ ಕೇಳಿದರೆ ಹೇಳುತ್ತಾರೆ.

ರಾಗಿ ನನ್ನ ಮೊದಲ ಆಯ್ಕೆ. ಅರಸೀಕೆರೆ, ಕಡೂರು ಕಡೆ ಹೋದರೆ ರಾಗಿಗೆ ಬರವಿಲ್ಲ, ಅದಕ್ಕೆ ಔಷಧಿ ಹೊಡೆಯುವವರೂ ಕಮ್ಮಿ. ಗೊಬ್ಬರ ಏನು ಹಾಕಿದರು ಅಂತ ಮಾತ್ರ ಕೇಳಿ, ಯೂರಿಯಾ ಎರಚಿದ್ದರೆ ಅದು ಸಾವಯವ ಅಲ್ಲ. ಮೆಕ್ಕೆಜೋಳ ಕಷ್ಟ. 2018ರಲ್ಲಿ ಸುಳಿ ತಿನ್ನುವ ಸೈನಿಕ ಹುಳು ಬಂದ ಮೇಲೆ ಸುಳಿಗೆ ಔಷಧಿ ಬಿಡದೆ ಜೋಳ ತೆಗೆಯುವವರು ಅಪರೂಪ. ಔಷಧಿ ಇಲ್ಲದ್ದು ಸಿಕ್ಕರೆ ಬಿಡಬೇಡಿ, ಸಿಗದಿದ್ದರೆ ರಾಗಿ, ನವಣೆ, ಅಕ್ಕಿ ನುಚ್ಚಿನಲ್ಲೇ ನಡೆಯುತ್ತದೆ. ಜೋಳ ಬಿಟ್ಟರೆ ಹಳದಿ ಲೋಳೆ ಬಿಳಿಚಿಕೊಳ್ಳುತ್ತದೆ, ಹೆದರಬೇಡಿ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ದಸರಾ ಮುಗಿದ ಮೇಲೆ ಬಾಗಿಲಿಂದ ತೆಗೆದ ಚೆಂಡು ಹೂವಿನ ಎಸಳು ಹಾಕಿದರೆ ಬಣ್ಣ ತಾನೇ ಬರುತ್ತದೆ. ಚೆಂಡು ಹೂವು ಮನೆಯಲ್ಲಿ ಬೆಳೆದದ್ದಾಗಿರಲಿ, ಮಾರ್ಕೆಟ್ಟಿನದಕ್ಕೆ ಏನು ಹೊಡೆದಿರುತ್ತಾರೋ.

ಬರೀ ರಾಗಿ, ನವಣೆಯಂಥ ಕಾಳು ಹಾಕಿದರೆ ಹೇಂಟೆ ಕೊಬ್ಬುತ್ತದೆಯೇ ಹೊರತು ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ಶೇಕಡಾ 16-17 ಪ್ರೋಟೀನು ಬೇಕು, ರಾಗಿಯಲ್ಲಿ ಇರುವುದು ಏಳು. ಸೋಯಾದ ಜಾಗ ತುಂಬುವುದೇ ಇಲ್ಲಿನ ಕಸರತ್ತು. ನಾನು ಹಿಡಿದ ದಾರಿ ಗಾಣದ್ದು. ಈಗ ಊರೂರಿಗೆ ಮರದ ಗಾಣ ಬಂದಿವೆ. ಹುಚ್ಚೆಳ್ಳು, ಸೂರ್ಯಕಾಂತಿ ಎಣ್ಣೆ ತೆಗೆದ ಹಿಂಡಿ ಅಲ್ಲಿ ಸಿಗುತ್ತದೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಹೆಕ್ಸೇನ್ ಅನ್ನುವ ದ್ರವ ಹಾಕಿ ಎಣ್ಣೆ ತೆಗೆಯುತ್ತಾರೆ, ಆ ಹಿಂಡಿ ಸಾವಯವದ ಲೆಕ್ಕಕ್ಕೆ ಬರುವುದಿಲ್ಲ. ಗಾಣದವರನ್ನು ಕೇಳಬೇಕಾದ್ದು ಒಂದೇ: ಇವತ್ತು ಇದಕ್ಕೆ ಮೊದಲು ಏನು ಆಡಿಸಿದಿರಿ? ಕಡಲೆಕಾಯಿ ಆಡಿಸಿದ ಗಾಣದಲ್ಲೇ ಹುಚ್ಚೆಳ್ಳು ಹಾಕಿದರೆ ಮೊದಲ ಹಿಂಡಿಯಲ್ಲಿ ಕಡಲೆಕಾಯಿ ಇದ್ದೇ ಇರುತ್ತದೆ. ಅರಸೀಕೆರೆ ಕಡೆಯ ಕೊಬ್ಬರಿ ಹಿಂಡಿಯನ್ನೂ ಸ್ವಲ್ಪ ಸೇರಿಸಬಹುದು, ಜಾಸ್ತಿ ಬೇಡ, ನಾರು ಹೆಚ್ಚು. ಹತ್ತಿಕಾಳು ಹಿಂಡಿ ಹಸುವಿಗೆ ತಂದದ್ದು ಉಳಿದಿದೆ ಅಂತ ಕೋಳಿಗೆ ಹಾಕಲೇಬೇಡಿ, ಹಳದಿ ಲೋಳೆ ಪಾಚಿ ಬಣ್ಣಕ್ಕೆ ತಿರುಗುತ್ತದೆ.

ಆಮೇಲೆ ಹುರುಳಿ. ಹಸಿ ಹುರುಳಿ ಕೋಳಿಗೆ ಸರಿಯಾಗಿ ಅರಗುವುದಿಲ್ಲ, ಬೇಯಿಸಬೇಕು ಇಲ್ಲವೇ ಹುರಿಯಬೇಕು. ನಮ್ಮನೆಯಲ್ಲಿ ಹುರುಳಿ ಬೇಯಿಸಿದ ದಿನ ಕಟ್ಟು ನಮ್ಮ ಸಾರಿಗೆ, ಕಾಳಿನಲ್ಲಿ ಒಂದು ಪಾಲು ಕೋಳಿಗೆ, ಉಪ್ಪು ಹಾಕುವ ಮೊದಲೇ ತೆಗೆದಿಡುತ್ತೇನೆ. ಮಿಶ್ರಣಕ್ಕಾದರೆ ಹುರಿದು ಒಡೆಸಿದ್ದು.

ಅಳತೆ ಕೇಳುವವರಿಗೆ: ಹತ್ತು ಕಿಲೋ ಮಿಶ್ರಣಕ್ಕೆ ರಾಗಿ ಎರಡೂವರೆ ಕಿಲೋ, ನವಣೆ ಒಂದೂವರೆ, ಅಕ್ಕಿ ನುಚ್ಚು ಒಂದು, ತೌಡು ಒಂದು, ಹುಚ್ಚೆಳ್ಳು ಅಥವಾ ಸೂರ್ಯಕಾಂತಿ ಹಿಂಡಿ ಎರಡೂಕಾಲು, ಹುರಿದ ಹುರುಳಿ ನುಚ್ಚು ಒಂದೂಕಾಲು, ಉಪ್ಪು ಹಾಕದ ಒಣಮೀನಿನ ಪುಡಿ ಅರ್ಧ ಕಿಲೋ. ಘಟ್ಟದ ಕೆಳಗಿಂದ ಬರುವ ಉಪ್ಪು ಮೀನು ಬೇಡ, ಅಷ್ಟು ಉಪ್ಪು ಕೋಳಿಗೆ ವಿಷ. ಮೀನು ಅರ್ಧ ಕಿಲೋಗಿಂತ ಹೆಚ್ಚಾದರೆ ಮೊಟ್ಟೆಯೇ ನಾರುತ್ತದೆ. ಮೀನು ಆಗದ ಮನೆಯವರು ಅಷ್ಟು ಹುರುಳಿ ಹೆಚ್ಚಿಸಿ, ಹತ್ತು ಕಿಲೋಗೆ 25-30 ಗ್ರಾಂ ಉಪ್ಪು ಸೇರಿಸಿ, ಮೊಟ್ಟೆ ಸ್ವಲ್ಪ ಕಮ್ಮಿ ಆದೀತು. ಅದಕ್ಕೆ ಗೆದ್ದಲು ಇದೆಯಲ್ಲ. ಹಳೇ ಮಡಕೆಗೆ ಒಣ ಸಗಣಿ, ಹರಿದ ಗೋಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಸಂಜೆ ಬೋರಲು ಹಾಕಿ. ಬೆಳಗ್ಗೆ ಎತ್ತಿ ಕೊಡವಿದರೆ ಕೋಳಿಗಳು ಒಂದರ ಮೇಲೊಂದು ಬೀಳುತ್ತವೆ. ನಮ್ಮತ್ತೆ ಮಾಡುತ್ತಿದ್ದದ್ದು ಇದು. ನೀರಲ್ಲಿ ತೇಲಿ ಬೆಳೆಯುವ ಅಜೋಲ್ಲಾ ಅನ್ನುವ ಪುಟ್ಟ ಗಿಡದ ತೊಟ್ಟಿಯೂ ಒಳ್ಳೆಯದೇ, ಬೇಕಾದವರು ಹಾಸನದ ಕಂದಲಿ ಇಲ್ಲವೇ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ಈ ಲೆಕ್ಕವೆಲ್ಲ ಹಗಲು ಹೊರಗೆ ಮೇಯುವ ಕೋಳಿಗೆ. ಗೂಡಲ್ಲೇ ಕೂಡಿಟ್ಟಿದ್ದರೆ ವಿಟಮಿನ್, ಖನಿಜದ ಪುಡಿ ಬೇರೆ ಬೇಕಾಗುತ್ತದೆ, ಅದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ.

"ರಾಗಿಯಲ್ಲಿ ಕ್ಯಾಲ್ಸಿಯಂ ತುಂಬ ಇದೆಯಲ್ಲ, ಚಿಪ್ಪಿನ ಪುಡಿ ಯಾಕೆ?" ಅಂತ ಪಕ್ಕದ ಮನೆಯಾಕೆ ಕೇಳಿದಳು. ಮನುಷ್ಯರ ಲೆಕ್ಕಕ್ಕೆ ತುಂಬ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ. ಒಂದು ಮೊಟ್ಟೆ ಚಿಪ್ಪಿಗೇ ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಹೇಂಟೆಗೆ ದಿನಕ್ಕೆ ಅದರ ಎರಡರಷ್ಟು ಬೇಕು. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ತಟ್ಟೆಯಲ್ಲಿಡಿ, ಬೇಕಾದ್ದು ತಾನೇ ಹೆಕ್ಕುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನು ಕುದಿಸಿ ಒಣಗಿಸಿ, ಮೊಟ್ಟೆಯ ಗುರುತು ಸಿಗದಷ್ಟು ಪುಡಿ ಮಾಡಿ ಹಾಕಬಹುದು. ದೊಡ್ಡ ಚೂರು ಹಾಕಿದರೆ ಇಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಕಲಿಯುತ್ತವೆ. ಗೋಡೆಗೆ ಬಳಿಯುವ ಸುಣ್ಣ ಬೇಡ.

ಇನ್ನು ನಾನು ಮಾಡಿದ ತಪ್ಪು. ಒಂದು ವರ್ಷ ಕಡಲೆಕಾಯಿ ಹಿಂಡಿ ಅಗ್ಗಕ್ಕೆ ಸಿಕ್ಕಿತು ಅಂತ ಮಳೆಗೆ ಮುಂಚೆ ಎರಡು ಮೂಟೆ ತಂದು ಉಗ್ರಾಣದ ನೆಲದ ಮೇಲೇ ಇಟ್ಟೆ. ಆಗ ಸೋಯಾ ಅಲರ್ಜಿ ಗಿಲರ್ಜಿ ಏನೂ ಗೊತ್ತಿರಲಿಲ್ಲ. ಶ್ರಾವಣದ ಹೊತ್ತಿಗೆ ಮೂಟೆ ಬಿಚ್ಚಿದರೆ ಮುಗ್ಗಲು ವಾಸನೆ, ಅಲ್ಲಲ್ಲಿ ಹಸಿರು ಬೂಷ್ಟು. ಎಸೆಯಲು ಮನಸ್ಸು ಬರಲಿಲ್ಲ. ಬೂಷ್ಟು ಇದ್ದದ್ದನ್ನು ಆರಿಸಿ, ಉಳಿದದ್ದನ್ನು ಬಾಣಲೆಯಲ್ಲಿ ಹುರಿದು ಹಾಕಿದೆ. ಒಂದು ವಾರದಲ್ಲಿ ಮೊಟ್ಟೆ ನಿಂತಿತು, ಎರಡು ಹೇಂಟೆ ತೂಕಡಿಸಿ ತೂಕಡಿಸಿ ಸತ್ತವು. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳದ ಮೇಲೆ ಬರುವ ಆ ಬೂಷ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಲಿವರ್ ಹಾಳು ಮಾಡುತ್ತದೆ. ಹುರಿದರೂ ಹೋಗುವುದಿಲ್ಲ, ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ ಅಂತ ಪಶುವೈದ್ಯರು ಹೇಳಿದ ಮೇಲೆ ಗೊತ್ತಾಯಿತು. ಔಷಧಿ ಮುಟ್ಟಿಸದ ಅಪ್ಪಟ ಸಾವಯವ ಕಾಳೂ ಒದ್ದೆಯಾದರೆ ವಿಷವೇ. ಈಗ ಕಾಳನ್ನು ಕಾಫಿ ಒಣಗಿಸುವ ಕಣದಲ್ಲಿ ಹರವಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನುವಷ್ಟು ಒಣಗಿಸಿ, ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಹಲಗೆಯ ಮೇಲೆ ಇಡುತ್ತೇನೆ. ಹುಡಿ ಮಾಡಿಸುವುದು ಹದಿನೈದು ದಿನಕ್ಕೆ ಆಗುವಷ್ಟೇ. ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತದೆ, ಬೇಗ ಕನರುತ್ತದೆ, ಅದನ್ನಂತೂ ಕೂಡಿಡಲೇಬೇಡಿ.

ಮಿಲ್ಲಿನಲ್ಲೂ ಗಾಣದ್ದೇ ತಾಪತ್ರಯ. ನಿಮಗಿಂತ ಮುಂಚೆ ಯಾರೋ ಹಸುವಿಗೆ ಅಂತ ಸೋಯಾ, ಗೋಧಿ ಒಡೆಸಿಕೊಂಡು ಹೋಗಿರುತ್ತಾರೆ. ಬೆಳಗ್ಗೆ ಮಿಷನ್ ಗುಡಿಸಿದ ತಕ್ಷಣ ಮೊದಲ ಪಾಳಿ ಹಿಡಿಯಿರಿ. ಇಲ್ಲವಾದರೆ ಎರಡು ಸೇರು ರಾಗಿ ಮೊದಲು ಓಡಿಸಿ, ಆ ಹಿಟ್ಟನ್ನು ಹಸುವಿಗೆ ಹಾಕಿಬಿಡಿ. ಅಡುಗೆಮನೆಯಿಂದಲೂ ಬೇಡದ್ದು ನುಸುಳುತ್ತದೆ. ಉಳಿದ ಚಿತ್ರಾನ್ನದಲ್ಲಿ ಕಡಲೆಕಾಯಿ, ಪಲಾವಿನಲ್ಲಿ ಸೋಯಾ ಉಂಡೆ, ಬೇಕರಿ ಬನ್ನಿನಲ್ಲಿ ಗೋಧಿ. ಕೋಳಿಗೆ ಅಂತ ಬೇರೆ ಬಕೆಟ್ ಇಟ್ಟು, ಏನು ಬೀಳಬಾರದು ಅಂತ ಮನೆಮಂದಿಗೆ ಹೇಳಿಡಿ. ನಮ್ಮ ಯಜಮಾನರು ಇವತ್ತಿಗೂ ಕದ್ದು ಬಿಸ್ಕತ್ತು ಹಾಕುತ್ತಾರೆ.

ಮೇವನ್ನು ಒಂದೇ ದಿನ ಬದಲಿಸಬೇಡಿ. ಹಳೆಯದು ಮುಕ್ಕಾಲು, ಹೊಸದು ಕಾಲು ಅಂತ ಶುರು ಮಾಡಿ ಹತ್ತು ಹನ್ನೆರಡು ದಿನದಲ್ಲಿ ಪೂರ್ತಿ ತನ್ನಿ, ಇಲ್ಲವಾದರೆ ಮುನಿಸಿಕೊಂಡು ಮೊಟ್ಟೆ ನಿಲ್ಲಿಸುತ್ತವೆ. ಸೋಯಾ ನಿಲ್ಲಿಸಿದ ಮರುದಿನವೇ ಮೊಟ್ಟೆ ಶುದ್ಧ ಆಯಿತು ಅಂತಲೂ ಅಲ್ಲ. ಒಂದು ಹಳದಿ ಲೋಳೆ ಹೊಟ್ಟೆಯಲ್ಲಿ ಬೆಳೆಯಲಿಕ್ಕೇ ವಾರ, ಹತ್ತು ದಿನ ಬೇಕು. ನಾವು ಪೂರ್ತಿ ಬದಲಾಯಿಸಿದ ಮೇಲೆ ಮೂರು ವಾರ ಬಿಟ್ಟು, ಡಾಕ್ಟರನ್ನು ಕೇಳಿ, ಆಮೇಲೆ ಮೊಮ್ಮಗಳಿಗೆ ಕೊಟ್ಟೆವು.

ತೋಟದ ಕಡೆಯೂ ಕಣ್ಣಿರಲಿ. ಚೀಲದ ಮೇವು ಬಿಟ್ಟು ಕಾಳು ಆರಿಸಿ ಹಾಕಿ, ಕೋಳಿಯನ್ನು ಮೈಲುತುತ್ತ ಹೊಡೆದ ಮೆಣಸಿನ ಬಳ್ಳಿ ಕೆಳಗೆ, ಕಳೆನಾಶಕ ಬಿಟ್ಟ ಕಾಫಿ ಸಾಲಿನಲ್ಲಿ, ಶುಂಠಿ ಹೊಲದ ಚರಂಡಿಯಲ್ಲಿ ಮೇಯಲು ಬಿಟ್ಟರೆ ಏನು ಬಂತು? ಔಷಧಿ ಹೊಡೆಯುವ ದಿನಗಳಲ್ಲಿ ಕೂಡಿಹಾಕಿ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ, ಎಲೆ ಕೋಳಿಗೆ ವಿಷ, ನಮ್ಮ ಕಡೆ ತೋಟದಲ್ಲೆಲ್ಲ ಆ ಮರ ಇರುವುದರಿಂದ ಹೇಳುತ್ತಿದ್ದೇನೆ. ಹಸಿರು ತಿರುಗಿದ ಆಲೂಗಡ್ಡೆಯೂ ಬೇಡ.

ಇಷ್ಟೆಲ್ಲ ಮಾಡಿಯೂ ಮಳೆಗಾಲದಲ್ಲಿ ಮೊಟ್ಟೆ ಕಮ್ಮಿಯಾದರೆ ತಕ್ಷಣ ಮೇವನ್ನು ಬೈಯಬೇಡಿ. ಮೋಡ ಕವಿದು ಬೆಳಕು ಕಮ್ಮಿ ಇರುತ್ತದೆ, ಕೆಲವು ಗರಿ ಉದುರಿಸುತ್ತಾ ಇರುತ್ತವೆ. ಗರಿ ಮತ್ತೆ ಬಂದು ಜುಟ್ಟು ಕೆಂಪಗಾದರೆ ಮೊಟ್ಟೆಯೂ ಬರುತ್ತದೆ. ನುಗ್ಗೆ ಸೊಪ್ಪನ್ನು ಮಾತ್ರ ಕಟ್ಟಿ ಕೊಕ್ಕಿಗೆ ಎಟುಕುವಷ್ಟು ಎತ್ತರಕ್ಕೆ ತೂಗುಹಾಕಿ, ನೆಲಕ್ಕೆ ಹಾಕಿದರೆ ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ.